ದಾಖಲೆ ಅಳಿಸಿದರೆ ಗಡೀಪಾರು ತಪ್ಪುತ್ತದೆಯೇ?

ಕಾಂಬೋಡಿಯಾದಿಂದ ನಿರಾಶ್ರಿತರಾಗಿ ಅಮೆರಿಕಕ್ಕೆ ಬಂದ ನಿಮ್ಮ ಸ್ನೇಹಿತರಿಗೆ ಕ್ಯಾಲಿಫೋರ್ನಿಯಾದ ಹಳೆಯ ದರೋಡೆ ಕೇಸಿನಿಂದ ಗಡೀಪಾರು ಆದೇಶವಾಗಿದೆ. ಆ ದಾಖಲೆಯನ್ನು ಕೋರ್ಟಿನಿಂದ ಅಳಿಸಿದರೆ (ಎಕ್ಸ್‌ಪಂಜ್) ಸಾಕೇ ಎಂದು ಕೇಳಿದ್ದೀರಿ. ಸಾಲದು. ವಲಸೆ ಕಾನೂನಿನ ಲೆಕ್ಕದಲ್ಲಿ ಆ ಶಿಕ್ಷೆ, ಅಂದರೆ ಅಪರಾಧಿ ಎಂಬ ತೀರ್ಪು, ಹಾಗೇ ಉಳಿಯುತ್ತದೆ.

ಶಿಕ್ಷೆಯೇ ರದ್ದಾಗಬೇಕು. ರಾಜ್ಯದ ದಂಡಸಂಹಿತೆಯ 1473.7ನೇ ಸೆಕ್ಷನ್ನಿನಡಿ, ತಪ್ಪೊಪ್ಪಿಕೊಂಡಾಗ ಗಡೀಪಾರಿನ ಪರಿಣಾಮ ಅರ್ಥವಾಗಿರಲಿಲ್ಲ, ಗೊತ್ತಿದ್ದರೆ ಒಪ್ಪುತ್ತಿರಲಿಲ್ಲ ಎಂದು ತೋರಿಸಬೇಕು. ಈಗ ಬರೆದುಕೊಟ್ಟ ಹೇಳಿಕೆಯೊಂದೇ ನಿಲ್ಲದು. ತಪ್ಪೊಪ್ಪಿಗೆಯ ಪ್ಲೀ ಫಾರಂ, ಕೋರ್ಟಿನ ಮಾತುಕತೆಯ ಟ್ರಾನ್ಸ್‌ಕ್ರಿಪ್ಟ್, ಹಳೆಯ ವಕೀಲರ ಫೈಲು ಹುಡುಕಿಸಿ. ಗವರ್ನರ್ ಕ್ಷಮಾದಾನವೂ ಒಂದು ದಾರಿ, ಆದರೆ ಡ್ರಗ್ಸ್ ಅಥವಾ ಬಂದೂಕಿನ ಆರೋಪ ಸೇರಿದ್ದರೆ ಅದು ಪೂರ್ತಿ ರಕ್ಷಣೆ ಕೊಡುವುದಿಲ್ಲ.

ಶಿಕ್ಷೆ ರದ್ದಾದರೂ ಆದೇಶ ತಾನಾಗಿ ಬೀಳುವುದಿಲ್ಲ, ಗಡೀಪಾರು ಕೇಸು ಮತ್ತೆ ತೆರೆಯಲು ಪ್ರತ್ಯೇಕ ಅರ್ಜಿ ಬೇಕು. ಅಷ್ಟರಲ್ಲಿ ವಲಸೆ ಇಲಾಖೆಯ ಐ-246 ಫಾರಂನಲ್ಲಿ ಗಡೀಪಾರಿಗೆ ತಾತ್ಕಾಲಿಕ ತಡೆ ಕೇಳಬಹುದು. ಸಲ್ಲಿಸಿದ ಮಾತ್ರಕ್ಕೆ ತಡೆ ಸಿಗದು. ‘ಆ ದೇಶ ವಾಪಸ್ ಕರೆಸಿಕೊಳ್ಳಲ್ಲ ಬಿಡಿ’ ಎನ್ನುವವರನ್ನು ನಂಬಬೇಡಿ, ವಾಪಸ್ ಕರೆಸಿಕೊಳ್ಳಲು ಕಾಂಬೋಡಿಯಾ ಅಮೆರಿಕದೊಂದಿಗೆ 2002ರಲ್ಲೇ ಒಪ್ಪಂದ ಮಾಡಿಕೊಂಡಿದೆ. ವಲಸೆ ಕಚೇರಿಯಲ್ಲಿ ಹಾಜರಿ ಹಾಕುವ ಮುಂದಿನ ಚೆಕ್-ಇನ್‌ಗೆ ಮೊದಲೇ ಸ್ನೇಹಿತರು ವಲಸೆ ವಕೀಲರನ್ನು ಕಾಣಲಿ.