ಹ್ಯಾಂಡ್ ಮೂವರ್ ಹುಲ್ಲು ಕೊಯ್ಯದೆ ಮಲಗಿಸುತ್ತಿದೆಯೇ?

ಪ್ರಶ್ನೆ: ಎರಡು ವರ್ಷದ ಹಿಂದೆ 14 ಇಂಚಿನ ತಳ್ಳುವ ಮೂವರ್ ಕೊಂಡೆವು. ಮೊದಲು ಚೆನ್ನಾಗಿ ಕೊಯ್ಯುತ್ತಿತ್ತು. ಈಗ ಒಂದಷ್ಟು ಹುಲ್ಲು ಕೊಯ್ಯುತ್ತದೆ, ಉಳಿದದ್ದು ಅಡ್ಡ ಮಲಗಿ ಮತ್ತೆ ಎದ್ದು ನಿಲ್ಲುತ್ತದೆ. ಕತ್ತಿ, ಕುಡುಗೋಲಿಗೆ ಸಾಣೆ ಹಿಡಿಯುವವರ ಹತ್ತಿರ ಕೊಡಬಹುದೇ?
– ಮೈಸೂರಿನ ಓದುಗರು

ಉತ್ತರ: ದಯವಿಟ್ಟು ಕೊಡಬೇಡಿ. ಇದರ ಬ್ಲೇಡು ತಿರುಚಿಕೊಂಡು ಸಾಗುತ್ತದೆ. ಕೈಯಲ್ಲಿ ಹಿಡಿದು ಸಾಣೆಕಲ್ಲಿಗೆ ಒತ್ತಿದರೆ ಅಲ್ಲಲ್ಲಿ ಹೆಚ್ಚುಕಮ್ಮಿ ಸವೆದು, ಆಮೇಲೆ ಸರಿಮಾಡುವುದೇ ಕಷ್ಟವಾಗುತ್ತದೆ. ಅಲ್ಲದೆ ನಿಮ್ಮ ಯಂತ್ರಕ್ಕೆ ಸಾಣೆಯೇ ಬೇಕಾಗಿಲ್ಲದಿರಬಹುದು.

ಕುಡುಗೋಲು ಹರಿತದ ಬಲದಿಂದ ಕೊಯ್ದರೆ, ಈ ಮೂವರ್ ಕತ್ತರಿಯಂತೆ ಎರಡು ಅಲಗುಗಳ ನಡುವೆ ಹುಲ್ಲನ್ನು ಸಿಕ್ಕಿಸಿ ತುಂಡರಿಸುತ್ತದೆ. ಸುತ್ತುವ ಐದು ಬ್ಲೇಡುಗಳು ಒಂದು ಅಲಗು, ಅಲುಗಾಡದ ತಳದ ಬ್ಲೇಡು ಇನ್ನೊಂದು. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಇದನ್ನು ರೂಪಿಸಿದ್ದು ಬಟ್ಟೆ ಗಿರಣಿಯಲ್ಲಿ ಉಣ್ಣೆಬಟ್ಟೆಯ ಮೇಲಿನ ನವಿರು ಕತ್ತರಿಸುವ ಯಂತ್ರವನ್ನು ನೋಡಿ. ಕತ್ತರಿಸುವ ಕ್ರಮ ಇಂದಿಗೂ ಅದೇ. ಎರಡು ಅಲಗುಗಳ ನಡುವಿನ ಸಂದು ಕೂದಲೆಳೆಯಷ್ಟು ಹೆಚ್ಚಾದರೂ ಹುಲ್ಲು ತುಂಡಾಗದೆ ಬಗ್ಗಿ ಜಾರಿಕೊಳ್ಳುತ್ತದೆ. ನಿಮ್ಮಲ್ಲಿ ಆಗಿರುವುದು ಇದೇ ಇರಬೇಕು.

ಯಂತ್ರವನ್ನು ಗೋಣಿಚೀಲದ ಮೇಲೆ ಬೋರಲು ಹಾಕಿ. ದಪ್ಪ ಚರ್ಮದ ಕೈಗವಸು ಇಲ್ಲದೆ ಕೈಹಾಕಬೇಡಿ. ಒಂದು ಬ್ಲೇಡು ಅಲುಗಿಸಿದರೆ ಉಳಿದ ನಾಲ್ಕೂ ತಿರುಗುತ್ತವೆ, ಬೆರಳು ಹೋಗುವುದು ಹೀಗೆಯೇ. ಮೊದಲು ಸುತ್ತುವ ಭಾಗದ ದಂಡವನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಲೊಡಲೊಡ ಎಂದರೆ ಬೇರಿಂಗ್ ಸಡಿಲವಾಗಿದೆ. ಅದನ್ನು ಬಿಗಿ ಮಾಡದೆ ಸಂದು ಎಷ್ಟು ಸರಿಪಡಿಸಿದರೂ ಹತ್ತು ಹೆಜ್ಜೆ ತಳ್ಳುವಷ್ಟರಲ್ಲಿ ಮತ್ತೆ ತಪ್ಪುತ್ತದೆ.

ಬೇರಿಂಗ್ ಗಟ್ಟಿಯಿದ್ದರೆ ದಿನಪತ್ರಿಕೆಯ ಒಂದು ಪಟ್ಟಿ ಹರಿದು ಎರಡು ಅಲಗುಗಳ ನಡುವೆ ಹಿಡಿಯಿರಿ. ಸುತ್ತುವ ಭಾಗವನ್ನು ಮರದ ತುಂಡಿನಿಂದ ನಿಧಾನ ತಳ್ಳಿ. ಐದೂ ಬ್ಲೇಡುಗಳಲ್ಲಿ ಎಡ, ನಡು, ಬಲ ಎಂದು 15 ಕಡೆ ನೋಡಬೇಕು. ಕಾಗದ ಎಲ್ಲ ಕಡೆ ನೀಟಾಗಿ ತುಂಡಾದರೆ ಸರಿ. ಮಡಚಿಕೊಂಡರೆ ಅಲ್ಲಿ ಸಂದು ಹೆಚ್ಚಿದೆ. ಎರಡೂ ಬದಿಯ ಸೆಟ್ಟಿಂಗ್ ಸ್ಕ್ರೂಗಳನ್ನು ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟೇ ತಿರುಗಿಸಿ, ಎಡಬದಿಯದನ್ನೊಮ್ಮೆ ಬಲಬದಿಯದನ್ನೊಮ್ಮೆ, ಪ್ರತಿ ಸಲ ಕಾಗದ ಇಟ್ಟು ನೋಡಿ. ಹಲವು ಮಾದರಿಗಳಲ್ಲಿ ಒಂದೊಂದು ಬದಿಗೆ ಎರಡು ಸ್ಕ್ರೂ ಇರುತ್ತವೆ. ಅಲ್ಲಿ ಒಂದನ್ನು ಸಡಿಲಿಸಿದ ಮೇಲೆಯೇ ಅದೇ ಬದಿಯ ಇನ್ನೊಂದನ್ನು ಬಿಗಿ ಮಾಡಬೇಕು. ಅಲಗುಗಳು ಸವರಿಕೊಂಡು ಹೋಗುವ ಸಣ್ಣ ಶಬ್ದ ಬಂದರೆ ಸಾಕು. ಕರ್ರೆಂದು ಕಿರುಚಿದರೆ ಬಿಗಿ ಹೆಚ್ಚಾಗಿದೆ, ತಳ್ಳುವುದಕ್ಕೂ ಭಾರ, ಅಲಗಿಗೂ ಸವೆತ.

ಒಂದೇ ಬ್ಲೇಡು ಮೂರೂ ಕಡೆ ಕಾಗದ ಕೊಯ್ಯದಿದ್ದರೆ ಅದು ಎಂದೋ ಕಲ್ಲಿಗೆ ಬಡಿದು ಬಗ್ಗಿದೆ. ಐದೂ ಬ್ಲೇಡುಗಳು ಒಂದೇ ಜಾಗದಲ್ಲಿ ಸೋತರೆ ತಳದ ಬ್ಲೇಡು ಅಲ್ಲಿ ಸವೆದಿದೆ. ಸಾಮಾನ್ಯವಾಗಿ ಅದನ್ನು ಬಿಚ್ಚಿ ಬೇರೆ ಹಾಕಬಹುದು.

ಪ್ರಶ್ನೆ: ಸಂದು ಸರಿಮಾಡಿಯೂ ಕಾಗದ ಹರಿದಂತೆ ತುಂಡಾಗುತ್ತದೆ. ಮನೆಯಲ್ಲೇ ಹರಿತ ಮಾಡುವ ದಾರಿ ಇದೆಯೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಇದೆ. ವಾಹನಗಳ ಬಿಡಿಭಾಗದ ಅಂಗಡಿಯಲ್ಲಿ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಎಂಬ, ಲೋಹ ತೇಯುವ ಒರಟು ಪೇಸ್ಟ್ ಸಿಗುತ್ತದೆ. 80ರಿಂದ 120 ಗ್ರಿಟ್‌ನದು (ಗ್ರಿಟ್ ಎಂದರೆ ಕಣದ ಒರಟುತನದ ಅಳತೆ) ತನ್ನಿ, ತೀರಾ ನಯವಾದದ್ದು ಬೇಡ. ಒಂದು ಚಕ್ರ ಕಳಚಿ, ಒಳಗಿನ ಸಣ್ಣ ಹಲ್ಲುಚಕ್ರ ತೆಗೆಯಿರಿ. ಹಳೆ ಬ್ರಶ್ಶಿನಿಂದ ಐದೂ ಅಲಗುಗಳ ಅಂಚಿಗೆ ಪೇಸ್ಟ್ ಹಚ್ಚಿ, ಸುತ್ತುವ ಭಾಗವನ್ನು ಹುಲ್ಲು ಕೊಯ್ಯುವ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಿ. ದಂಡದ ತುದಿಗೆ ನಟ್ಟು ತಿರುಗಿಸುವ ಸಾಕೆಟ್ ಪಾನಾ ಹಾಕಿದರೆ ತಿರುಗಿಸಲು ಹಿಡಿತ ಸಿಗುತ್ತದೆ. ಮೊದಲು ಗರಗರ ಎನ್ನುತ್ತದೆ. ಐದು ಹತ್ತು ನಿಮಿಷದಲ್ಲಿ ಶಬ್ದ ತಗ್ಗಿ, ಅಂಚಿನುದ್ದಕ್ಕೂ ಒಂದೇ ಅಗಲದ ಹೊಳೆಯುವ ಗೆರೆ ಮೂಡಿದರೆ ಕೆಲಸ ಮುಗಿಯಿತು. ಗೆರೆ ಎಲ್ಲಿ ಕಡಿದಿದೆಯೋ ಅಲ್ಲಿ ಅಲಗುಗಳು ತಾಗಿಲ್ಲ ಎಂದರ್ಥ.

ಆಮೇಲೆ ತೊಳೆಯುವುದರಲ್ಲಿ ಸೋಮಾರಿತನ ಬೇಡ. ಮೊದಲು ಡೀಸೆಲ್, ನಂತರ ಸೋಪಿನ ನೀರು. ಉಳಿದ ಪೇಸ್ಟ್ ಬೇರಿಂಗ್‌ಗೆ ಇಳಿದರೆ ಅದನ್ನೂ ತೇಯ್ದು ಹಾಕುತ್ತದೆ. ಒರೆಸಿ ಒಣಗಿಸಿ, ಸಂದನ್ನು ಮತ್ತೆ ಹೊಂದಿಸಿ, ಕಾಗದದ ಪರೀಕ್ಷೆ ಮಾಡಿ. ಕಲ್ಲು ತಾಗಿ ಅಂಚಿನಲ್ಲಿ ಮೂಗಿನಂತೆ ಎದ್ದ ಲೋಹವಿದ್ದರೆ ಪೇಸ್ಟ್ ಹಚ್ಚುವ ಮೊದಲೇ ಚಪ್ಪಟೆ ಅರದಿಂದ ಉಜ್ಜಿ ಸಮ ಮಾಡಿ. ಒಳಗೆ ಚಿಪ್ಪೆದ್ದ ಸಣ್ಣ ಗುಳಿಯನ್ನು ಹಾಗೇ ಬಿಡಿ, ಅದರಿಂದ ತೊಂದರೆಯಿಲ್ಲ.

ಪ್ರಶ್ನೆ: ಚಕ್ರ ಉರುಳುತ್ತದೆ, ಬ್ಲೇಡು ಮಾತ್ರ ತಿರುಗುವುದಿಲ್ಲ. ಗ್ರೀಸ್ ತುಂಬಿದ ಮೇಲೆ ಇನ್ನೂ ಕೆಟ್ಟಿತು.
– ದಾವಣಗೆರೆಯ ಓದುಗರು

ಉತ್ತರ: ಗ್ರೀಸೇ ಕಾರಣ. ಚಕ್ರದ ಒಳಗಿನ ಸಣ್ಣ ಹಲ್ಲುಚಕ್ರ ಮತ್ತು ದಂಡದ ನಡುವೆ ಪಾಲ್ ಎಂಬ ಚಿಕ್ಕ ಉಕ್ಕಿನ ತುಂಡಿರುತ್ತದೆ. ಮುಂದೆ ತಳ್ಳಿದಾಗ ಅದು ಕಚ್ಚಿ ಬ್ಲೇಡನ್ನು ತಿರುಗಿಸುತ್ತದೆ, ಹಿಂದೆ ಎಳೆದಾಗ ಜಾರುತ್ತದೆ. ಎಳೆದಾಗ ಬರುವ ಕಟಕಟ ಶಬ್ದ ಅದರದೇ. ಈ ತುಂಡು ತನ್ನ ಸೀಳಿನಲ್ಲಿ ಸಲೀಸಾಗಿ ಆಡಬೇಕು. ದಪ್ಪ ಗ್ರೀಸಿಗೆ ಹುಲ್ಲಿನ ಪುಡಿ ಸೇರಿದರೆ ಅಂಟಿಕೊಂಡು ಕೂರುತ್ತದೆ. ಚಕ್ರ ಬಿಚ್ಚಿ, ಎಲ್ಲವನ್ನೂ ಡೀಸೆಲ್‌ನಲ್ಲಿ ತೊಳೆದು, ಪಾಲ್ ಇರುವ ಕಡೆ ತೆಳು ಎಣ್ಣೆ ಎರಡು ಹನಿ ಬಿಡಿ. ಜೋಡಿಸುವಾಗ ಬಿಚ್ಚಿದ ದಿಕ್ಕಿನಲ್ಲೇ ಕೂರಿಸಿ. ತಿರುಗುಮುರುಗಾದರೆ ಹಿಂದೆ ಎಳೆದಾಗ ಬ್ಲೇಡು ತಿರುಗಿ, ಮುಂದೆ ತಳ್ಳಿದಾಗ ಸುಮ್ಮನಿರುತ್ತದೆ. ಎಡಬಲದ ಭಾಗಗಳನ್ನು ಬೆರೆಸದಿರಲು ಒಂದು ಬದಿ ಪೂರ್ತಿ ಮುಗಿಸಿಯೇ ಇನ್ನೊಂದನ್ನು ಬಿಚ್ಚಿ.

ಪ್ರಶ್ನೆ: ಕೊಯ್ದ ಎರಡೇ ದಿನಕ್ಕೆ ಲಾನ್ ಹಳದಿಯಾಗುತ್ತದೆ. ಮಾಲಿ ನೀರು ಸಾಲದು ಎನ್ನುತ್ತಾರೆ.
– ಬೆಂಗಳೂರಿನ ಓದುಗರು

ಉತ್ತರ: ಬಗ್ಗಿ ಕೂತು ನಾಲ್ಕು ಗರಿಗಳ ತುದಿ ನೋಡಿ. ತುದಿ ನೇರವಾಗಿದ್ದು ಕೆಳಗೆ ಕಂದು ಕಾಂಡ ಕಾಣುತ್ತಿದ್ದರೆ ಬಹಳ ತಗ್ಗಿಸಿ ಕೊಯ್ದಿದ್ದೀರಿ. ತುದಿ ನಾರುನಾರಾಗಿ, ಬಿಳಿಚಿಕೊಂಡು ಜಗಿದಂತಿದ್ದರೆ ಬ್ಲೇಡು ಮೊಂಡು, ಮೊದಲೆರಡು ಉತ್ತರ ಓದಿ. ಎರಡರಲ್ಲೂ ನೀರಿನ ಪಾತ್ರ ಕಡಿಮೆ.

ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಲಾನ್ ಒಂದು ಇಂಚಿರಬೇಕೆಂದರೆ ಒಂದೂವರೆ ಇಂಚಾದಾಗಲೇ ಕೊಯ್ಯಬೇಕು. ಮೂರು ಇಂಚು ಬಿಟ್ಟು ಒಮ್ಮೆಲೇ ಒಂದಕ್ಕಿಳಿಸಿದರೆ ಹಸಿರೆಲೆಯೆಲ್ಲ ಹೋಗಿ ಕಡ್ಡಿ ಉಳಿಯುತ್ತದೆ. ಗರಿಕೆ ಜಾತಿಯ ಲಾನ್‌ಗೆ ಒಂದರಿಂದ ಒಂದೂವರೆ ಇಂಚು ಸರಿಯಾದ ಎತ್ತರ. ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೊಮ್ಮೆ, ಚಳಿಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕೊಯ್ಲು ಸಾಮಾನ್ಯವಾಗಿ ಸಾಕು. ಬೆಳೆದು ಹೋಗಿದ್ದರೆ ಮೂರು ನಾಲ್ಕು ದಿನ ಬಿಟ್ಟು ಬಿಟ್ಟು ಹಂತಹಂತವಾಗಿ ಇಳಿಸಿ. ಯಂತ್ರದ ಎತ್ತರವನ್ನು ಲಾನ್ ಮೇಲೆ ಅಳೆಯಬೇಡಿ. ಸಿಮೆಂಟ್ ನೆಲದ ಮೇಲಿಟ್ಟು, ನೆಲದಿಂದ ತಳದ ಬ್ಲೇಡಿನ ಅಂಚಿಗೆ ಎಷ್ಟಿದೆ ನೋಡಿ. ಎತ್ತರ ಹೊಂದಿಸುವ ಹಿಂದಿನ ರೋಲರ್‌ನ ಬ್ರಾಕೆಟ್ಟನ್ನು ಎರಡೂ ಬದಿ ಒಂದೇ ಮಟ್ಟದ ತೂತಿಗೆ ಹಾಕಿ.

ಪ್ರಶ್ನೆ: ಮಳೆಗಾಲದಲ್ಲಿ ಹುಲ್ಲು ಮೊಳಕಾಲಿಗೆ ಬರುತ್ತದೆ. ಮೂವರ್ ಹೋಗುವುದೇ ಇಲ್ಲ.
– ಸಾಗರದ ಓದುಗರು

ಉತ್ತರ: ಅಷ್ಟೆತ್ತರದ ಹುಲ್ಲು ಈ ಯಂತ್ರದ ಕೆಲಸವಲ್ಲ. ಬ್ಲೇಡಿಗೆ ಸಿಕ್ಕುವ ಮೊದಲೇ ಯಂತ್ರದ ಮುಂಭಾಗ ಅದನ್ನು ಬಗ್ಗಿಸಿಬಿಡುತ್ತದೆ. ಕುಡುಗೋಲಿನಲ್ಲೋ ಬ್ರಶ್ ಕಟರ್‌ನಲ್ಲೋ ಎರಡೂವರೆ ಇಂಚಿಗೆ ಇಳಿಸಿ, ಕೊಯ್ದದ್ದನ್ನು ಗುಡಿಸಿ ತೆಗೆಯಿರಿ. ಒಂದೆರಡು ಒಣಹವೆಯ ದಿನ ಸಿಕ್ಕಾಗ ಮೂವರ್ ತಳ್ಳಿ. ಪ್ರತಿ ಸಾಲಿನಲ್ಲೂ ಅರ್ಧ ಅಗಲವನ್ನಷ್ಟೇ ಹೊಸ ಹುಲ್ಲಿಗೆ ಕೊಡಿ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಹೋದರೆ ತಪ್ಪಿಸಿಕೊಂಡ ಹೂಕಡ್ಡಿಗಳೂ ಸಿಗುತ್ತವೆ. ಎಲೆ ಒದ್ದೆಯಿದ್ದರೆ ಚಕ್ರ ಜಾರುತ್ತದೆ. ಚಕ್ರ ಜಾರಿದರೆ ಬ್ಲೇಡೂ ನಿಲ್ಲುತ್ತದೆ, ಏಕೆಂದರೆ ಬ್ಲೇಡಿಗೆ ಬಲ ಬರುವುದು ಚಕ್ರದಿಂದಲೇ. ಕಾಲಿಟ್ಟಲ್ಲಿ ಹೆಜ್ಜೆ ಗುರುತು ಉಳಿಯುವಷ್ಟು ಮಣ್ಣು ಮೆತ್ತಗಿದ್ದರೆ ಆ ದಿನ ಬಿಟ್ಟುಬಿಡಿ.

ಪ್ರಶ್ನೆ: ನಮ್ಮ ಮನೆ ಮುಂದಿರುವುದು ಸೇಂಟ್ ಆಗಸ್ಟೀನ್ ಹುಲ್ಲು. ಪೆಟ್ರೋಲ್ ಮೂವರ್ ಬಿಟ್ಟು ಕೈಯಿಂದ ತಳ್ಳುವುದನ್ನು ಕೊಳ್ಳಲೇ?
– ಟೆಕ್ಸಾಸ್‌ನ ಡಲ್ಲಾಸ್‌ನಿಂದ ಓದುಗರು

ಉತ್ತರ: ನಮ್ಮ ಸಲಹೆ ಬೇಡ ಎಂದೇ. ಅಗಲ ಎಲೆಯ ಈ ಹುಲ್ಲನ್ನು ಎರಡೂವರೆಯಿಂದ ನಾಲ್ಕು ಇಂಚು ಎತ್ತರಕ್ಕೆ ಬಿಡಬೇಕು. ಅಷ್ಟು ಎತ್ತರಕ್ಕೆ ಏರುವ ಹ್ಯಾಂಡ್ ಮೂವರ್ ಕಡಿಮೆ, ದಪ್ಪ ಬಳ್ಳಿಕಾಂಡಗಳು ಬ್ಲೇಡಿಗೆ ಸಿಕ್ಕಿ ಹೆಜ್ಜೆಹೆಜ್ಜೆಗೂ ನಿಲ್ಲಿಸುತ್ತವೆ. ಪಕ್ಕದ ಮನೆಯವರದು ಬರ್ಮುಡಾ, ಅಂದರೆ ನಮ್ಮ ಗರಿಕೆಯೇ, ಆಗಿದ್ದರೆ ಅವರಿಗೆ ಧಾರಾಳವಾಗಿ ಹೇಳಿ. ಗಾಲ್ಫ್ ಮೈದಾನದ ಗ್ರೀನ್‌ಗಳನ್ನು ಕೊಯ್ಯುವುದೂ ಇದೇ ಬಗೆಯ ಸುತ್ತುವ ಬ್ಲೇಡಿನಿಂದ. ಕೊಳ್ಳುವಾಗ ಬ್ಲೇಡು ಎಣಿಸಿ: ಮನೆ ಲಾನ್‌ಗೆ ಐದು ಸಾಕು. ಏಳು ಬ್ಲೇಡಿನದು ತಗ್ಗಿನ ಕೊಯ್ಲಿಗೆ ಅಂದ, ಹುಲ್ಲು ಸ್ವಲ್ಪ ಬೆಳೆದರೂ ಒಳಗೆ ಹೋಗಲು ಜಾಗವಿಲ್ಲದೆ ಕಟ್ಟಿಕೊಳ್ಳುತ್ತದೆ.

ಪ್ರಶ್ನೆ: ಕೊಯ್ದ ಹುಲ್ಲು ಅಲ್ಲೇ ಬಿಡಬಹುದೇ?
– ತುಮಕೂರಿನ ಓದುಗರು

ಉತ್ತರ: ಅರ್ಧ ಇಂಚಿನ ತುಣುಕಾದರೆ ಬಿಡಿ, ಕೆಲವೇ ದಿನದಲ್ಲಿ ಕೊಳೆತು ಸಾರಜನಕ ಮರಳಿ ಮಣ್ಣಿಗೆ ಸೇರುತ್ತದೆ. ಗುಪ್ಪೆಗುಪ್ಪೆಯಾಗಿ ಬಿದ್ದರೆ ಗುಡಿಸಿ ಗೊಬ್ಬರದ ಗುಂಡಿಗೆ ಹಾಕಿ, ಇಲ್ಲವಾದರೆ ಅಡಿಯ ಹುಲ್ಲು ಬಿಳಿಚಿಕೊಳ್ಳುತ್ತದೆ. ಮೆಕ್ಸಿಕನ್ ಹುಲ್ಲಾದರೆ ಯಾವಾಗಲೂ ಗುಡಿಸುವುದೇ ಒಳ್ಳೆಯದು, ಅದು ಮೊದಲೇ ಒತ್ತಾಗಿ ಮೆತ್ತೆ ಕಟ್ಟುತ್ತದೆ.

ಪ್ರಶ್ನೆ: ಬ್ಲೇಡಿಗೆ ಕೊಬ್ಬರಿ ಎಣ್ಣೆ ಹಚ್ಚಿಟ್ಟರೆ ನಡೆಯುತ್ತದೆಯೇ?
– ತಿಪಟೂರಿನ ಓದುಗರು

ಉತ್ತರ: ತಿಪಟೂರಿನವರು ಕೇಳುವುದು ಸಹಜ, ಆದರೂ ಬೇಡ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ಪಾಲ್ ಅಲ್ಲಾಡುವುದಿಲ್ಲ. ಹೊಲಿಗೆ ಮಿಷನ್ ಎಣ್ಣೆ ಸಾಕು. ಕೊಯ್ದ ಮೇಲೆ ಅಂಟಿದ ಹುಲ್ಲನ್ನು ಬ್ರಶ್ಶಿನಿಂದ ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಎಣ್ಣೆ ಬಟ್ಟೆಯನ್ನು ಅಂಚಿನ ಮೇಲೆ ಒಮ್ಮೆ ಎಳೆದು, ನೆರಳಲ್ಲಿ ನಿಲ್ಲಿಸಿ. ಮಕ್ಕಳಿರುವ ಮನೆಯಾದರೆ ಬ್ಲೇಡಿನ ಭಾಗಕ್ಕೆ ಗೋಣಿ ಸುತ್ತಿ ಕಟ್ಟಿ.