ಮಿಲ್ಲಿನ ಅಜ್ಜನನ್ನು ಉಳಿಸಿದ್ದೇ ನಾನು ಮಾಡಿದ ತಪ್ಪು

ಸ್ಟೀಫನ್ ಕಿಂಗ್ ಅವರ ‘ಪೆಟ್ ಸೆಮೆಟರಿ’ಯಲ್ಲಿ ಪುಟ್ಟ ಮಗು ಲಾರಿಗೆ ಸಿಕ್ಕು ಸತ್ತಲ್ಲಿಗೆ ಪುಸ್ತಕ ಮುಚ್ಚಿಟ್ಟೆ ಎಂದಿದ್ದೀರಿ. ಓದುಗರು ಪ್ರೀತಿಸುವ ಪಾತ್ರಗಳನ್ನೇ ಹುಡುಕಿ ಕೊಲ್ಲುವ ಭಯಾನಕ ಕಾದಂಬರಿಕಾರರು ಕ್ರೂರಿಗಳಲ್ಲವೇ ಎಂದು ಕೇಳಿದ್ದೀರಿ. ಈ ಮಾತನ್ನು ನಾನು ಹಿಂದೆ ಕೇಳಿದ್ದೇನೆ, ಅದೂ ನನ್ನನ್ನೇ ಕುರಿತು, ನಾನು ಇನ್ನೂ ಯಾರನ್ನೂ ಕೊಲ್ಲುವ ಮೊದಲೇ.

2010ರಲ್ಲಿ ನಾನು ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ರಾತ್ರಿ ಊಟವಾದ ಮೇಲೆ ಊರಿನ ಒಂದು ಪತ್ರಿಕೆಯ ಭಾನುವಾರದ ಪುರವಣಿಗೆ ಧಾರಾವಾಹಿ ಬರೆಯುತ್ತಿದ್ದೆ. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ನಮ್ಮದು. ಆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದ್ದನ್ನು ಕಣ್ಣಾರೆ ಕಂಡವರು ನಮ್ಮ ಓಣಿಯಲ್ಲೇ ಇದ್ದರು. ನನ್ನ ಕಥೆ ಅಂಥ ಒಂದು ಮಿಲ್ಲಿನದು. ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿ ಬರಿದಾದ ಆ ಕಟ್ಟಡದಿಂದ ಅಮಾವಾಸ್ಯೆಯ ರಾತ್ರಿ ಮೂರನೇ ಪಾಳಿಯ ಸೈರನ್ ಕೂಗುತ್ತದೆ. ಅದು ಕೂಗಿದಾಗ ಊರಿನ ಹಳೆಯ ಕಾರ್ಮಿಕರಲ್ಲಿ ಯಾರಾದರೊಬ್ಬರು ನಿದ್ದೆಯಿಂದೆದ್ದು, ಊಟದ ಡಬ್ಬಿ ಹಿಡಿದು, ಕೆಲಸಕ್ಕೆ ಹೊರಟವರಂತೆ ಮಿಲ್ಲಿನ ಕಡೆಗೆ ನಡೆಯುತ್ತಾರೆ. ಒಳಗೆ ಹೋದವರು ಹೊರಗೆ ಬರುವುದಿಲ್ಲ.

ಗೇಟಿನಲ್ಲಿ ಒಬ್ಬ ಕಾವಲುಗಾರ ಅಜ್ಜ ಇದ್ದ. ಅವನ ಟಾರ್ಚಿನ ಮುಚ್ಚಳ ಸಡಿಲವಾಗಿತ್ತು, ಅದಕ್ಕೊಂದು ರಬ್ಬರ್ ಬ್ಯಾಂಡ್ ಸುತ್ತಿದ್ದ. ಮಿಲ್ಲಿನಲ್ಲಿ ದುಡಿದ ಪ್ರತಿಯೊಬ್ಬನ ಹೆಸರೂ ಟೋಕನ್ ನಂಬರೂ ಅವನಿಗೆ ಬಾಯಿಪಾಠವಾಗಿದ್ದವು. ನಿದ್ದೆಗಣ್ಣಿನಲ್ಲಿ ಬಂದವನ ಮುಖಕ್ಕೆ ಟಾರ್ಚ್ ಬಿಟ್ಟು, ಹೆಸರು ಹಿಡಿದು ಕರೆದು, ‘ನಿನ್ನ ಲೆಕ್ಕ ಚುಕ್ತಾ ಆಗೇತಿ, ಮನೀಗೆ ಹೋಗು’ ಎಂದರೆ ಬಂದವನು ಎಚ್ಚೆತ್ತು ಹಿಂತಿರುಗುತ್ತಿದ್ದ. ಅಜ್ಜನಿಗೆ ಇದ್ದ ಶಕ್ತಿ ಇಷ್ಟೇ. ಹೆಸರು ಗೊತ್ತಿದ್ದವರನ್ನು ಅವನು ಉಳಿಸಬಲ್ಲವನಾಗಿದ್ದ.

ಹದಿನಾಲ್ಕನೆಯ ಕಂತಿನ ಕೊನೆಯಲ್ಲಿ ಸೈರನ್ ಕೂಗುತ್ತದೆ, ಅಜ್ಜ ಗೇಟಿಗೆ ಬರುತ್ತಾನೆ, ಯಾರೂ ಕಾಣುವುದಿಲ್ಲ. ಒಳಗಿನಿಂದ ಒಂದು ಧ್ವನಿ ಟೋಕನ್ ನಂಬರ್ 417 ಎಂದು ಕರೆಯುತ್ತದೆ. ಅದು ಅವನದೇ ನಂಬರು. ಅವನ ಹೆಸರು ಹಿಡಿದು ಕರೆದು ಮನೆಗೆ ಕಳಿಸುವವರು ಯಾರೂ ಇಲ್ಲ. ಮುಂದಿನ ವಾರ ಅವನು ಒಳಗೆ ಹೋಗಿ ಸಾಯಬೇಕೆಂದು ನಾನು ಮೊದಲ ಕಂತು ಬರೆಯುವಾಗಲೇ ನಿಶ್ಚಯಿಸಿದ್ದೆ.

ಆ ವಾರ ಪತ್ರಿಕೆಯ ಕಚೇರಿಗೆ ಹನ್ನೊಂದು ಕಾರ್ಡುಗಳು ಬಂದವು. ಅದುವರೆಗೆ ವಾರಕ್ಕೆ ಎರಡು ಬಂದರೆ ಹೆಚ್ಚು. ಒಬ್ಬರು, ಅಜ್ಜನನ್ನು ಕೊಂದರೆ ನಿಮ್ಮಷ್ಟು ಕ್ರೂರಿ ಬೇರೆ ಯಾರೂ ಇಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಹರಿಹರದಿಂದ ನನ್ನ ತಂಗಿ ಫೋನು ಮಾಡಿ, ‘ಅಣ್ಣಾ, ಅಜ್ಜಗೆ ಏನರ ಆದ್ರ ನಾನು ಮುಂದ ಓದಂಗಿಲ್ಲ ನೋಡು’ ಎಂದಳು. ನನಗಾಗ ಮೂವತ್ತೊಂದು ವರ್ಷ. ಯಾರೋ ನನ್ನ ಬರಹವನ್ನು ಇಷ್ಟು ಹಚ್ಚಿಕೊಂಡಿದ್ದಾರೆಂಬ ಸಂತೋಷದಲ್ಲಿ, ಆ ಪ್ರೀತಿಗೆ ನೋವು ಕೊಡುವುದು ದ್ರೋಹವೆಂದು ನನಗೆ ಅನ್ನಿಸಿತು. ಗುರುವಾರ ಪ್ರತಿ ಒಪ್ಪಿಸಬೇಕಿತ್ತು. ಬುಧವಾರ ರಾತ್ರಿ ಬರೆದಿಟ್ಟಿದ್ದ ಕಂತನ್ನು ಹರಿದು ಹೊಸದನ್ನು ಬರೆದೆ.

ಆ ರಾತ್ರಿ ನಾನು ಮಾಡಿದ್ದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇರುವುದು ಅಲ್ಲಿಯೇ. ಅಜ್ಜ ಗೇಟಿನ ಚಿಲಕಕ್ಕೆ ಕೈ ಹಾಕುತ್ತಾನೆ, ಅಷ್ಟರಲ್ಲಿ ಕೋಳಿ ಕೂಗುತ್ತದೆ, ಧ್ವನಿ ಅಡಗುತ್ತದೆ. ಇಷ್ಟಕ್ಕೇ ಬಿಟ್ಟಿದ್ದರೆ ಕಥೆ ಸಪ್ಪೆಯಾಗುತ್ತಿತ್ತು ಅಷ್ಟೇ. ಆದರೆ ಭಯಾನಕ ಕಥೆಯಲ್ಲಿ ಆ ವಾರ ಒಂದು ಸಾವು ಆಗಲೇಬೇಕೆಂಬ ಲೆಕ್ಕಾಚಾರ ನನ್ನ ತಲೆಯಲ್ಲಿತ್ತು. ಹಾಗಾಗಿ ಕೊನೆಯಲ್ಲಿ ಒಂದು ವಾಕ್ಯ ಸೇರಿಸಿದೆ: ‘ಬೆಳಿಗ್ಗೆ ಗುಜರಿ ಸಾಮಾನು ಹೊರಲು ಬಂದಿದ್ದ ಹಮಾಲನೊಬ್ಬ ಮಿಲ್ಲಿನೊಳಗೆ ಹೆಣವಾಗಿ ಬಿದ್ದಿದ್ದ.’ ಆ ಹಮಾಲ ಹಿಂದಿನ ಯಾವ ಕಂತಿನಲ್ಲೂ ಇರಲಿಲ್ಲ, ಮುಂದೆಯೂ ಬರಲಿಲ್ಲ. ಅವನಿಗೆ ಹೆಸರಿರಲಿಲ್ಲ, ಮನೆಯಿರಲಿಲ್ಲ. ಅಜ್ಜನ ಬದಲಿಗೆ ಕೊಡಲು ನನಗೊಂದು ಹೆಣ ಬೇಕಿತ್ತು, ಅವನನ್ನು ಕೊಟ್ಟೆ. ಹೆಸರು ಹಿಡಿದು ಜನರನ್ನು ಉಳಿಸುತ್ತಿದ್ದ ಅಜ್ಜನ ಕಾವಲಿನಲ್ಲೇ ಒಬ್ಬ ಹೆಸರಿಲ್ಲದೆ ಸತ್ತ, ಅಜ್ಜ ಅವನು ಯಾರೆಂದು ಕೇಳಲೂ ಇಲ್ಲ. ಮುಂದಿನ ಕಂತಿನಲ್ಲಿ ಚಹಾ ಕುಡಿಯುತ್ತಾ ಕುಳಿತಿದ್ದ. ಓದುಗರು ಪ್ರೀತಿಸಿದ್ದ ಅಜ್ಜ ಸತ್ತದ್ದು ಅಲ್ಲಿ. ಟಾರ್ಚ್ ಹಿಡಿದು ಗೇಟಿನಲ್ಲಿ ಉಳಿದುಕೊಂಡವನು ಬೇರೆ ಯಾರೋ ಆಗಿದ್ದ.

ಹದಿನಾರನೆಯ ವಾರ ಎರಡು ಕಾರ್ಡು ಬಂದವು, ಹದಿನೇಳನೆಯ ವಾರ ಒಂದೂ ಇಲ್ಲ. ಪುರವಣಿ ನೋಡಿಕೊಳ್ಳುತ್ತಿದ್ದವರು ನನ್ನನ್ನು ಕರೆಸಿ, ‘ಈಗ ಯಾರಿಗೂ ಹೆದರಿಕಿ ಇಲ್ರೀ. ಅಜ್ಜಗೆ ಏನೂ ಆಗಂಗಿಲ್ಲ ಅಂತ ಎಲ್ಲರಿಗೂ ಗೊತ್ತಾಗೇತಿ’ ಎಂದರು. ಇಪ್ಪತ್ತಾರು ಕಂತಿಗೆ ಯೋಜಿಸಿದ್ದ ಧಾರಾವಾಹಿ ಇಪ್ಪತ್ತೊಂದಕ್ಕೆ ಮುಗಿಯಿತು. ಪುಸ್ತಕ ಮಾಡುತ್ತೇನೆಂದಿದ್ದ ಪ್ರಕಾಶಕರು ಸುಮ್ಮನಾದರು. ಅಜ್ಜನನ್ನು ಉಳಿಸಿ ಎಂದು ಕೇಳಿದ್ದ ತಂಗಿಯೂ ಕೊನೆಯ ನಾಲ್ಕು ಕಂತುಗಳನ್ನು ಓದಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಕೆಲವು ತಿಂಗಳ ನಂತರ ಅಂಗಡಿಗೆ ಸೀರೆ ಕೊಳ್ಳಲು ಬಂದ ಒಬ್ಬ ಹಿರಿಯ ಹೆಂಗಸಿಗೆ, ಮಿಲ್ಲಿನ ಕಥೆ ಬರೆದವನು ಇವನೇ ಎಂದು ನಮ್ಮ ಯಜಮಾನರು ನನ್ನನ್ನು ತೋರಿಸಿದರು. ಆಕೆ ಹತ್ತಿರ ಬಂದು, ‘ತಮ್ಮಾ, ಆ ಹಮಾಲನ ಹೆಸರು ಏನಪಾ?’ ಎಂದರು. ಹೆಸರು ಇಟ್ಟಿರಲಿಲ್ಲಮ್ಮ ಎಂದೆ. ‘ಅಜ್ಜ ಎಲ್ಲರ ಹೆಸರೂ ಹೇಳತಿದ್ದ. ಇವನ ಹೆಸರು ಯಾಕ ಕೇಳಲಿಲ್ಲ?’ ಎಂದರು. ಅವರ ಗಂಡ ಹಮಾಲಿ ಮಾಡುತ್ತಿದ್ದವರು, ಜೋಡಿಸಿಟ್ಟ ಹತ್ತಿ ಚೀಲಗಳು ಮೈಮೇಲೆ ಬಿದ್ದು ತೀರಿಕೊಂಡಿದ್ದರು. ಆ ಸುದ್ದಿ ಅಚ್ಚಾದಾಗ ಅದರಲ್ಲಿ ‘ಕೂಲಿ ಕಾರ್ಮಿಕನೊಬ್ಬ ಸಾವು’ ಎಂದಷ್ಟೇ ಇತ್ತಂತೆ. ಆಕೆ ನನ್ನನ್ನು ಬೈಯಲಿಲ್ಲ. ಬಿಲ್ಲು ಬರೆಯುವಾಗ ನನ್ನ ಕೈ ನಡುಗುತ್ತಿತ್ತು, ಎರಡು ಸಲ ತಪ್ಪು ಬರೆದೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ನಾನು ಅದು ಇರುವಂತೆಯೇ ಒಪ್ಪುವುದಿಲ್ಲ. ಪ್ರೀತಿಯ ಪಾತ್ರವನ್ನು ಕೊಲ್ಲುವುದು ಕ್ರೌರ್ಯವೇ ಎಂದು ಕೇಳುತ್ತೀರಿ, ಆದರೆ ಆ ಪಾತ್ರ ನಿಮಗೆ ಪ್ರೀತಿಯದಾದದ್ದು ಲೇಖಕ ಅದನ್ನು ಮೊದಲು ಪ್ರೀತಿಸಿ ಬರೆದದ್ದರಿಂದ. ನಾನು ಕ್ರೂರರೆಂದು ಕರೆಯುವ ಲೇಖಕರು ಬೇರೆಯೇ ಇದ್ದಾರೆ. ಮೊದಲ ಅಧ್ಯಾಯದಲ್ಲಿ ಒಬ್ಬ ಹುಡುಗಿಯನ್ನು ಕೊಲ್ಲಿಸಿ, ಎರಡನೆಯ ಅಧ್ಯಾಯದಲ್ಲಿ ಅವಳನ್ನು ಮರೆಯುವವರು. ದೆವ್ವದ ಬಲ ತೋರಿಸಲು ಆಳು, ಡ್ರೈವರ್, ಕೂಲಿ ಎಂದು ಸಾಲಾಗಿ ನಿಲ್ಲಿಸಿ ಕೆಡವುವವರು. ಅಂಥ ಸಾವುಗಳನ್ನು ನಾವು ರಾತ್ರಿ ಓದಿ ನಿಶ್ಚಿಂತೆಯಿಂದ ಮಲಗುತ್ತೇವೆ, ಯಾರನ್ನೂ ಕ್ರೂರಿ ಎನ್ನುವುದಿಲ್ಲ. ಆ ಹಮಾಲನ ಬಗ್ಗೆ ನನಗೆ ಒಂದೇ ಒಂದು ಕಾರ್ಡೂ ಬರಲಿಲ್ಲ.

ನೀವು ಮುಚ್ಚಿಟ್ಟ ಪುಸ್ತಕವನ್ನೇ ತೆಗೆದುಕೊಳ್ಳಿ. ಕಿಂಗ್ ಅದನ್ನು ಬರೆದದ್ದು ಮಗುವೊಂದನ್ನು ಕೊಂದು ಸುಖಿಸಲಿಕ್ಕಲ್ಲ. ಅಮೆರಿಕದ ಮೇನ್ ರಾಜ್ಯದಲ್ಲಿ ಅವರು ಬಾಡಿಗೆಗಿದ್ದ ಮನೆಯ ಮುಂದೆ ಲಾರಿಗಳು ಓಡಾಡುವ ರಸ್ತೆಯಿತ್ತು. ಅವರ ಮಗಳ ಬೆಕ್ಕು ಆ ರಸ್ತೆಯಲ್ಲಿ ಸತ್ತಿತು. ಅವರ ಚಿಕ್ಕ ಮಗ ಒಮ್ಮೆ ಅದೇ ರಸ್ತೆಯತ್ತ ಓಡಿ ಸ್ವಲ್ಪದರಲ್ಲಿ ಉಳಿದುಕೊಂಡ. ಉಳಿಯದಿದ್ದರೆ ಏನಾಗುತ್ತಿತ್ತು ಎಂಬ ತಂದೆಯ ಭಯದಿಂದ ಆ ಕಾದಂಬರಿ ಹುಟ್ಟಿತು. ಬರೆದು ಮುಗಿಸಿದ ಮೇಲೆ ಅವರಿಗೇ ಅದು ಸಹಿಸಲಾಗದಷ್ಟು ಘೋರವೆನಿಸಿ ಹಸ್ತಪ್ರತಿಯನ್ನು ಎತ್ತಿಟ್ಟಿದ್ದರು, ಅದು ಪ್ರಕಟವಾದದ್ದು 1983ರಲ್ಲಿ. ಮುಂದಿನ ಕಥೆಯನ್ನು ಪೂರ್ತಿ ಹೇಳಿ ನಿಮ್ಮ ಓದನ್ನು ಕೆಡಿಸುವುದಿಲ್ಲ. ಆದರೆ ಅದು ಮಗನ ಸಾವನ್ನು ಒಪ್ಪಿಕೊಳ್ಳಲಾರದ ತಂದೆಯ ಕಥೆ, ಆ ಸಾವಿನಿಂದಲೇ ನಿಜವಾಗಿ ಮೊದಲಾಗುವ ಕಥೆ. ನಾನು ಅದನ್ನು ಓದಿದ್ದು ನನ್ನ ಧಾರಾವಾಹಿ ನಿಂತ ಮೇಲೆ. ಸತ್ತವನನ್ನು ಹೇಗಾದರೂ ಮಾಡಿ ಮನೆಗೆ ತರಬೇಕೆಂದು ಆ ತಂದೆ ಹಟ ಹಿಡಿದಾಗ, ಬುಧವಾರ ರಾತ್ರಿ ಲಾಟೀನಿನಂತೆ ಮಂಕಾಗಿದ್ದ ದೀಪದ ಕೆಳಗೆ ನಾನು ಹರಿದ ಹಾಳೆಗಳು ಕಣ್ಣ ಮುಂದೆ ಬಂದವು.

ಕಾನನ್ ಡಾಯ್ಲ್ 1893ರಲ್ಲಿ ಕೊಂದಿದ್ದ ಷರ್ಲಾಕ್ ಹೋಮ್ಸ್‌ನನ್ನು ಓದುಗರು ಬೇಡಿದರೆಂದು 1903ರಲ್ಲಿ ಬದುಕಿಸಿ ತರಲಿಲ್ಲವೇ ಎಂದು ನೀವು ಕೇಳಬಹುದು. ತಂದರು, ಅದು ನಡೆಯಿತು ಕೂಡ. ಪತ್ತೇದಾರಿ ಕಥೆಯಲ್ಲಿ ಪತ್ತೇದಾರ ಉಳಿಯುತ್ತಾನೆಂದು ಮೊದಲೇ ಗೊತ್ತಿದ್ದರೂ ಕುತೂಹಲ ಕಡಿಮೆಯಾಗುವುದಿಲ್ಲ, ಏಕೆಂದರೆ ನಮಗೆ ಬೇಕಾದದ್ದು ಕೊಲೆಗಾರನ ಹೆಸರು. ಭಯಾನಕ ಕಥೆಯಲ್ಲಿ ಆ ಭರವಸೆ ಸಿಕ್ಕ ಕ್ಷಣವೇ ಭಯ ಹೋಗುತ್ತದೆ. ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದ ಕಡೆ ಹೆದರುವುದಾದರೂ ಯಾವುದಕ್ಕೆ?

ಸತ್ತವರು ಬದುಕಿ ಬರುವ ಕಥೆ ನಮ್ಮಲ್ಲೂ ಇದೆ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಹಾವು ಕಚ್ಚಿ ಸತ್ತ ಲೋಹಿತಾಶ್ವ ಕೊನೆಗೆ ಎದ್ದು ಬರುತ್ತಾನೆ. ಆದರೆ ಅದಕ್ಕೂ ಮೊದಲು ಕವಿ ಚಂದ್ರಮತಿಯನ್ನು ಕತ್ತಲಲ್ಲಿ ಮಗನ ಹೆಣ ಹುಡುಕಲು ಕಳಿಸುತ್ತಾನೆ, ಅವಳ ಗೋಳನ್ನು ಪೂರ್ತಿ ಕೇಳಿಸುತ್ತಾನೆ, ಸುಡುಗಾಡಿನಲ್ಲಿ ಸ್ವಂತ ಗಂಡನೇ ಸುಂಕ ಕೇಳುವಂತೆ ಮಾಡುತ್ತಾನೆ. ಯಾವುದನ್ನೂ ನಮಗೆ ತಪ್ಪಿಸುವುದಿಲ್ಲ. ನಮ್ಮ ಅಜ್ಜಿ ಈ ಕಥೆ ಹೇಳುವಾಗ ಪ್ರತಿ ಸಲವೂ ಅಳುತ್ತಿದ್ದಳು, ಮಗ ಎದ್ದು ಬರುತ್ತಾನೆಂದು ಗೊತ್ತಿದ್ದೂ. ರಾಘವಾಂಕನನ್ನು ಅವಳು ಎಂದೂ ಕ್ರೂರಿ ಎನ್ನಲಿಲ್ಲ.

ನಿಮ್ಮ ಮನೆಯಲ್ಲಿ ಈಚೆಗೆ ಅಂಥದ್ದೇ ಸಾವಾಗಿದ್ದರೆ ಪುಸ್ತಕವನ್ನು ಈಗ ಮುಟ್ಟಬೇಡಿ, ಅದರಲ್ಲಿ ಅವಮಾನವೇನೂ ಇಲ್ಲ. ಹಾಗಿಲ್ಲದಿದ್ದರೆ ನಿಲ್ಲಿಸಿದ ಪುಟದಿಂದಲೇ ಮುಂದೆ ಓದಿ. ಓದುವಾಗ ಲೇಖಕ ಯಾರನ್ನು ಕೊಂದ ಎಂಬುದರ ಜೊತೆಗೆ, ಕೊಂದ ಮೇಲೆ ಎಷ್ಟು ಪುಟಗಳ ಕಾಲ ಆ ಸಾವಿನ ಬಳಿ ನಿಂತ ಎಂಬುದನ್ನೂ ನೋಡಿ. ನಿಂತಿದ್ದರೆ ಅವನನ್ನು ಕ್ರೂರಿ ಎನ್ನಬೇಡಿ.

ನಾನು ಆರು ವರ್ಷ ಏನೂ ಬರೆಯಲಿಲ್ಲ. 2017ರಲ್ಲಿ ಆ ಹದಿನೈದನೆಯ ಕಂತನ್ನು ಮತ್ತೆ ಎತ್ತಿಕೊಂಡೆ. ಹಮಾಲನನ್ನು ಮೂರನೆಯ ಕಂತಿನಿಂದಲೇ ಕಥೆಯೊಳಗೆ ತಂದೆ. ಗೇಟಿನಲ್ಲಿ ಅಜ್ಜ ಅವನ ಮುಖಕ್ಕೆ ಟಾರ್ಚ್ ಬಿಟ್ಟು ಹೆಸರು ಕೇಳುತ್ತಾನೆ, ಅವನನ್ನು ಮನೆಗೆ ಕಳಿಸುತ್ತಾನೆ, ಆಮೇಲೆ 417 ಎಂದು ಕರೆದಾಗ ತಾನು ಒಳಗೆ ಹೋಗುತ್ತಾನೆ. ಬೆಳಿಗ್ಗೆ ಆ ಹಮಾಲನೇ ಗೇಟಿನ ಬಳಿ ರಬ್ಬರ್ ಬ್ಯಾಂಡ್ ಸುತ್ತಿದ ಟಾರ್ಚನ್ನು ಕಂಡು, ಅದನ್ನು ಅಜ್ಜನ ಮನೆಗೆ ಒಯ್ಯುತ್ತಾನೆ. ಅಜ್ಜನ ಹೆಂಡತಿ ಟಾರ್ಚ್ ಕೈಗೆ ತೆಗೆದುಕೊಂಡು, ಇನ್ನೂ ಉರಿಯುತ್ತದೆಯೇ ಎಂದು ಒತ್ತಿ ನೋಡುವುದಕ್ಕೆ ಒಂದಿಡೀ ಅಧ್ಯಾಯ ಕೊಟ್ಟೆ.

ಹಮಾಲನಿಗೆ ಯಾವ ಹೆಸರಿಡಬೇಕೆಂದು ನನಗೆ ಗೊತ್ತಿತ್ತು, ಆದರೆ ಅನುಮತಿ ಬೇಕಿತ್ತು. ಹಸ್ತಪ್ರತಿ ಹಿಡಿದು ಆ ಹಿರಿಯರ ಮನೆ ಹುಡುಕಿಕೊಂಡು ಹೋದೆ. ಕಣ್ಣು ಸರಿಯಾಗಿ ಕಾಣದೆಂದು ನನ್ನಿಂದಲೇ ಓದಿಸಿದರು. ಗಂಡನ ಹೆಸರು ಬಂದಲ್ಲೆಲ್ಲ ಸೆರಗು ಸರಿಪಡಿಸಿಕೊಳ್ಳುತ್ತಿದ್ದರು. ಓದಿ ಮುಗಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇವರು ಬೀಡಿ ಸೇದತಿರಲಿಲ್ಲಪಾ, ಎಲಿ ಅಡಿಕಿ ಹಾಕತಿದ್ರು. ಅದೊಂದು ತಿದ್ದು’ ಎಂದರು. ಅಲ್ಲೇ ಕುಳಿತು ತಿದ್ದಿದೆ.