ಮಳೆಗಾಲದಲ್ಲಿ ಜಗಲಿಯಲ್ಲೇ ತರಕಾರಿ ಸಸಿ ಮಾಡಬಹುದೇ? ಚಪ್ಪರ ಯಾವಾಗ ಹಾಕಬೇಕು?

ತೀರ್ಥಹಳ್ಳಿ, ಹೊಸನಗರದ ಕಡೆ ಜಡಿಮಳೆಯಲ್ಲಿ ಬಯಲಿಗೆ ಹಾಕಿದ ಬೀಜ ಮೊಳೆಯುವ ಮೊದಲೇ ಕೊಳೆಯುವುದರಿಂದ, ಸಸಿಯನ್ನು ಜಗಲಿಯಲ್ಲಿ ಮಾಡಿಕೊಳ್ಳುವುದೇ ಸರಿ. ಬದನೆ, ಟೊಮೇಟೊ ಬೀಜಗಳನ್ನು ಆಗಸ್ಟ್ ಕೊನೆಯಲ್ಲಿ ಟ್ರೇಗೆ ಹಾಕಿದರೆ 25–30 ದಿನಗಳಲ್ಲಿ, ಅಂದರೆ ಮಳೆ ಇಳಿಮುಖವಾಗುವ ಹೊತ್ತಿಗೆ, ಸಸಿ ನಾಟಿಗೆ ಬರುತ್ತದೆ. ಮೆಣಸಿನಕಾಯಿಗೆ ಸುಮಾರು 40 ದಿನ ಬೇಕಾಗುವುದರಿಂದ ಅದನ್ನು ಸ್ವಲ್ಪ ಮುಂಚೆಯೇ ಬಿತ್ತಬೇಕು.

ಜಗಲಿಯ ಸಸಿ ಹೆಚ್ಚಾಗಿ ಕೆಡುವುದು ಬೆಳಕಿನ ಕೊರತೆಯಿಂದ ಮತ್ತು ನೀರಿನ ಅತಿಯಿಂದ. ಮೋಡ ಕವಿದ ದಿನಗಳಲ್ಲಿ ಒಳಗೇ ಇಟ್ಟ ಸಸಿ ಬೆಳಕಿನತ್ತ ಚಾಚಿ ಬಡಕಲಾಗುತ್ತದೆ. ಆದ್ದರಿಂದ ಮೊಳಕೆ ಕಂಡ ದಿನವೇ ಟ್ರೇಯನ್ನು ಸೂರಿನ ಅಂಚಿಗೆ, ಆದರೆ ಎರಚಲು ತಾಗದಂತೆ, ಸರಿಸಬೇಕು. ಗಾಳಿಯೇ ತೇವವಾಗಿರುವ ನಮ್ಮಲ್ಲಿ ದಿನವೂ ನೀರು ಹಾಕುವುದೆಂದರೆ ಶಿಲೀಂಧ್ರವನ್ನು ಕರೆದು ಕೂರಿಸಿದಂತೆ: ಕಾಂಡದ ಬುಡ ಕೊಳೆತು ಸಸಿಗಳು ಸಾಲಾಗಿ ಮಲಗುತ್ತವೆ. ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿ, ಮೇಲ್ಪದರ ಒಣಗಿದ ಮೇಲಷ್ಟೇ ನೀರು ಚಿಮುಕಿಸಿ.

ಹೀರೆ, ಸೌತೆಗಳ ಬೇರು ಕದಲಿದರೆ ಬಳ್ಳಿ ಸೊರಗುವುದರಿಂದ, ಅವನ್ನು ಬಾಳೆ ಎಲೆಯ ಕೊಟ್ಟೆಯಲ್ಲಿ (ದೊನ್ನೆಯಲ್ಲಿ) ಬಿತ್ತಿ, ಎರಡು ಮೂರು ಎಲೆ ಬಂದಾಗ ಕೊಟ್ಟೆಸಹಿತ ನೆಡಬೇಕು.

ಈ ಬಳ್ಳಿಗಳು ಹಬ್ಬುವ ಚಪ್ಪರವನ್ನು ನಾಟಿಗೆ ಮೊದಲೇ ಹಾಕಿ. ಆಮೇಲೆ ಗುಂಡಿ ತೋಡಿದರೆ ಬೇರು ತುಂಡಾಗುತ್ತದೆ. ಬಿದಿರಿನ ಕಂಬಗಳನ್ನು ಒಂದೂವರೆ ಅಡಿ ಆಳಕ್ಕೆ ಹೂತು, ಮೇಲೆ ಅಡಿಕೆ ಮರ ಸೀಳಿದ ದಬ್ಬೆ ಹಾಯಿಸಿ, ಕೈಗೆ ಕಾಯಿ ಎಟಕುವಂತೆ ಆರಡಿ ಎತ್ತರ ಇಟ್ಟರೆ ಸಾಕು. ಗ್ಲಿರಿಸಿಡಿಯ (ಗೊಬ್ಬರದ ಗಿಡ) ಮರದ ಹಸಿ ಗೂಟ ಮಾತ್ರ ಬೇಡ. ಅದು ಚಿಗುರಿ ತರಕಾರಿಗೇ ನೆರಳು ಮಾಡುತ್ತದೆ.